ಉಪಸಂಹಾರದ ಮಧ್ಯಾಹ್ನ

ಗೀರು, ಗೀರು, ಗೀರು — ನಿಂತಿತು, ಮತ್ತೆ ನಿಂತಿತು, ಪೆನ್ನು ಕಾಗದದ ಮೇಲೆ ನಾಲ್ಕು ಹೆಜ್ಜೆ ನಡೆದು ಹಿಂದಿನಿಂದ ಯಾರೋ ಕರೆದ ಹಾಗೆ ನಿಂತುಬಿಡುತ್ತದೆ, ಫ್ಯಾನು ಮಾತ್ರ ತಿರುಗುತ್ತಲೇ ಇದೆ, ಅದಕ್ಕೇನು, ಮುಗಿಸಬೇಕಾದ ಅಧ್ಯಾಯವಿಲ್ಲ, ಅದರ ನೆರಳು ಮೇಜನ್ನು, ಅವಳ ಕೈಯನ್ನು, ನನ್ನ ಕನ್ನಡಕವನ್ನು ದಾಟಿ ದಾಟಿ ಹೋಗುತ್ತಿದೆ, ಬಿಸಿಲು ಕಪಾಟಿನ ಕೆಳಸಾಲಿಗೆ ಇಳಿದಿದೆ, ಅಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರಬಂಧಗಳು ಒಂದರ ಹೆಗಲಿಗೊಂದು ಒರಗಿ ನಿದ್ದೆ ಹೊಡೆಯುತ್ತಿವೆ, ನೀಲಿ ರಟ್ಟು, ಚಿನ್ನದ ಅಕ್ಷರ, ಒಳಗೆ ಬರೀ ತವರ — ಸಾಕು, ಇವತ್ತು ಮನಸ್ಸಿನಲ್ಲೂ ತಮಾಷೆ ಬೇಡ, ಮಾತಾಡುವುದಿಲ್ಲ ಅಂತ ಮಾತು ಕೊಟ್ಟಾಗಿದೆ. ಊಟದ ಹೊತ್ತಿಗೆ ಬಂದಳು, ಬಾಗಿಲಲ್ಲೇ ನಿಂತಳು, ಕಣ್ಣು ಕೆಂಪು, ಚೀಲ ಎದೆಗೆ ಅವುಚಿಕೊಂಡು, ಸರ್, ಇಲ್ಲೇ ಕೂತು ಬರೀತೀನಿ, ನೀವು ಎದುರಿಗಿರಿ, ಆದ್ರೆ ದಮ್ಮಯ್ಯ, ಏನೂ ಹೇಳ್ಬೇಡಿ, ಒಂದು ಪದಾನೂ. ಆಯ್ತು ತಾಯಿ ಎಂದೆ, ಅದೇ ನನ್ನ ಕೊನೆಯ ಮಾತು, ಐದಕ್ಕೆ ಕೆಳಗಿನ ಕಚೇರಿ ಮುಚ್ಚುತ್ತದೆ, ಅಷ್ಟರಲ್ಲಿ ಕೊನೆಯ ಅಧ್ಯಾಯ ಸೇರಿಸಿ ಪ್ರಬಂಧ ಕೊಡದಿದ್ದರೆ ಅವಳ ಎಂ.ಎ. ಗೋವಿಂದ, ಎರಡು ವರ್ಷ ನೀರಿನಲ್ಲಿ ಹೋಮ, ಉಪಸಂಹಾರವೊಂದೇ ಬಾಕಿ, ಆ ಹೆಸರಿಟ್ಟ ಪುಣ್ಯಾತ್ಮ ಸಂಹಾರವನ್ನು ಅದರೊಳಗೇ ಕೂರಿಸಿ ಹೋಗಿದ್ದಾನೆ, ಈ ಮೇಜಿನಾಚೆ ಎಷ್ಟು ಮಕ್ಕಳು ಸತ್ತು ಹುಟ್ಟಿದ್ದಾರೆ, ಒಬ್ಬ ಪೆನ್ನಿನ ಮುಚ್ಚಳ ಅಗಿಯುತ್ತಿದ್ದ, ಇನ್ನೊಬ್ಬಳು ಪ್ರತಿ ಅಧ್ಯಾಯಕ್ಕೂ ಒಂದು ಜ್ವರ, ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ, ಕೇಳಿದರೆ ಈಗಲೂ ಮಾಡಿ ತೋರಿಸುತ್ತೇನೆ, ಯಾರೂ ಕೇಳುತ್ತಿಲ್ಲ, ಒಳ್ಳೆಯದೇ.

ಗೀರು. ಇವಳು ಬರೆಯುತ್ತಿರುವುದು ಕಾಯುವವರ ಬಗ್ಗೆ, ದೊಡ್ಡಾಸ್ಪತ್ರೆಯ ಆಪರೇಷನ್ ಕೋಣೆಯ ಹೊರಗಿನ ಹಜಾರ, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಕೊನೆಗೆ ಒಂದು ತಳ್ಳುಬಾಗಿಲು, ಇಡೀ ಬೇಸಿಗೆ ಅಲ್ಲಿ ಹೋಗಿ ಕೂತಳು, ಯಾರ ಹತ್ತಿರವೂ ಹೆಚ್ಚು ಮಾತಿಲ್ಲ, ನೋಡುವುದು, ನೋಡುವುದು, ಬಂದು ನನಗೆ ಹೇಳುವುದು, ಹೇಳುವಾಗ ನೋಡಬೇಕಿತ್ತು ಅವಳನ್ನು, ಕೈಯೆಲ್ಲ ಮಾತು, ಬರೆ ಅಂದರೆ ಮಾತ್ರ ಕಲ್ಲು. ಹೇಳ್ತಾ ಹೋಗು, ಟೈಪು ನಾನು ಮಾಡ್ತೀನಿ ಎಂದೆ, ನೆರವು ಅಂದರೆ ಇನ್ನೇನು, ಅವಳು ಹೇಳಿದಳು, ಎಲ್ರೂ ಬಾಗಿಲನ್ನೇ ನೋಡ್ತಾ ಕೂತಿರ್ತಾರೆ ಸರ್, ನನ್ನ ಬೆರಳು ಬರೆಯಿತು, ಪ್ರತೀಕ್ಷಾರತ ಸಮುದಾಯದ ದೃಷ್ಟಿಕೇಂದ್ರವು ದ್ವಾರವೇ ಆಗಿರುತ್ತದೆ. ಅವಳು ಹೇಳಿದಳು, ಬಾಗಿಲು ಕಿರ್ ಅಂದ್ರೆ ಸಾಕು, ನಿದ್ದೆಯಲ್ಲಿರೋರೂ ಎದ್ದುಬಿಡ್ತಾರೆ, ಬೆರಳು ಬರೆಯಿತು, ಶ್ರವಣಪ್ರಚೋದನೆಗೆ ಸಾಮೂಹಿಕ ಪ್ರತಿಸ್ಪಂದನ. ಎಂಥ ಬೆರಳು, ಚಿನ್ನದ ಅಕ್ಷರಕ್ಕೇ ಹುಟ್ಟಿದ ಬೆರಳು, ಐದು ಅಧ್ಯಾಯ ಆಯಿತು, ಅವಳು ಥ್ಯಾಂಕ್ಸ್ ಹೇಳಿದಳು, ನಾನು ಉಬ್ಬಿದೆ. ಮನೆಯಲ್ಲಿ ಹೆಂಡತಿ ಅನ್ನುತ್ತಾಳೆ, ರೀ, ನನ್ನ ವಾಕ್ಯ ನಾನು ಮುಗಿಸ್ಕೋತೀನಿ, ಅದು ನನ್ನದು, ನೀವು ಮುಗಿಸಿದ್ರೆ ಅದು ಬೇರೆ ಕಡೆ ಹೋಗುತ್ತೆ, ಮಾವಿನಕಾಯಿ ಅಂತ ಶುರು ಮಾಡಿದ್ದು ಮಾವನ ಮನೇಲಿ ಮುಗಿಯುತ್ತೆ. ನಕ್ಕೆ ಆಗ. ನಗಬೇಕಾದ್ದೇ. ಹೋದ ವಾರ ಇದೇ ಕುರ್ಚಿಯಲ್ಲಿ ಇವಳು ಐದನೆಯ ಅಧ್ಯಾಯ ಜೋರಾಗಿ ಓದಿದಳು, ನಾನೇ ಓದಿಸಿದ್ದು, ಕಿವಿಗೆ ಕೇಳಿದರೆ ತಪ್ಪು ಕಾಣುತ್ತದೆ ಅಂತ ನನ್ನ ಹಳೆಯ ಉಪಾಯ, ಕಣ್ಣು ಮುಚ್ಚಿ ಕೇಳುತ್ತಿದ್ದೆ, ಆ ಏರಿಳಿತ, ವಾಕ್ಯಕ್ಕೊಂದು ಅಂದರೆ ಎಂಬ ಪದ, ಅದಾದಮೇಲಿನ ಆ ದೊಡ್ಡ ನಿಲುಗಡೆ, ಯಾರಪ್ಪ ಇದು, ಯಾರನ್ನೋ ಅಣಕ ಮಾಡುತ್ತಿದ್ದಾಳಲ್ಲ, ಚೆನ್ನಾಗಿ ಮಾಡುತ್ತಿದ್ದಾಳೆ ಅನ್ನಿಸಿತು, ಕಣ್ಣು ಬಿಟ್ಟೆ, ನಾನು, ಅದು ನಾನು, ಅವಳು ಅಣಕ ಮಾಡುತ್ತಿರಲಿಲ್ಲ, ಓದುತ್ತಿದ್ದಳು. ಪುಟ ಮಡಿಸಿ, ಸರ್ ಚೆನ್ನಾಗಿದೆ ಎಂದಳು, ತುಂಬಾ ಚೆನ್ನಾಗಿದೆ, ಆದ್ರೆ ಇದನ್ನ ಓದಿದ್ರೆ ನಾನು ಅಲ್ಲಿಗೆ ಹೋಗೇ ಇರ್ಲಿಲ್ಲ ಅನ್ಸುತ್ತೆ. ಎದ್ದು ಹೋದಳು. ಮಾರನೆಯ ದಿನ ಬರಲಿಲ್ಲ, ಫೋನಿಗೆ ಸಿಗಲಿಲ್ಲ, ಅದರ ಮಾರನೆಯ ದಿನವೂ, ಬರುವುದೇ ಇಲ್ಲ ಅಂದುಕೊಂಡಿದ್ದೆ.

ಬಿಸಿಲು ಮೇಜಿಗೆ ಹತ್ತಿತು, ಕಿಟಕಿಯ ಸರಳುಗಳ ನೆರಳು ಉದ್ದುದ್ದ, ಸಾಲಾಗಿ, ಹಲ್ಲು ಹಲ್ಲಾಗಿ — ಬಾಚಣಿಗೆ, ಹೌದಲ್ಲ, ಬಾಚಣಿಗೆಯ ಹೆಂಗಸು, ಅವಳೆಲ್ಲಿ ಹೋದಳು, ನನ್ನ ಟೈಪಿಗೂ ಮುಂಚೆ ಇವಳು ಹೇಗೋ ಗೀಚಿದ ಮೊದಲ ಕರಡಿನಲ್ಲಿ ಇದ್ದಳು, ಗಂಡನನ್ನು ಒಂದಾದ ಮೇಲೊಂದು ಆಪರೇಷನ್ನಿಗೆ ಒಳಗೆ ಕಳಿಸಿ ಪ್ರತಿ ಸಲವೂ ಮೂಲೆಯ ಕುರ್ಚಿ ಹಿಡಿದವಳು, ಬಾಗಿಲು ತೆರೆದಾಗಲೆಲ್ಲ ಚೀಲದಿಂದ ಬಾಚಣಿಗೆ ತೆಗೆದು ಸರಸರ ಎರಡು ಬಾರಿ ಬಾಚಿಕೊಂಡು ಬಾಗಿಲ ಕಡೆ ಮುಖವಿಟ್ಟು ಕೂರುವವಳು, ಅವರು ಬಂದ್ರೆ ಮೊದ್ಲು ನನ್ನನ್ನೇ ತಾನೆ ನೋಡೋದು ಅನ್ನುತ್ತಿದ್ದಳಂತೆ ಪಕ್ಕದವರಿಗೆ. ಬಾಗಿಲು, ಬಾಚಣಿಗೆ, ಇನ್ಯಾರೋ. ಬಾಗಿಲು, ಬಾಚಣಿಗೆ, ಇನ್ಯಾರೋ. ಕರಡಿನ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದೆ, ಬಿಡಿ ಪ್ರಸಂಗ, ತೆಗೆಯಬಹುದು. ತೆಗೆದಳು. ವಿಭಾಗದ ಮುಖ್ಯಸ್ಥರ ಭಯ ನನಗೆ, ಮಾತಿಗೆ ಮುಂಚೆ ಗಂಟಲು ಬರುವ ಮನುಷ್ಯ, ಹ್ಹ್ಂ ಹ್ಹ್ಂ, ಏನ್ರೀ ಇದು, ಪ್ರಬಂಧವೋ ಕತೆಯೋ, ಹ್ಹ್ಂ, ಸಂಶೋಧಕಿ ಎಲ್ಲೂ ಕಾಣಿಸ್ಕೋಬಾರ್ದು ಕಣ್ರೀ, ಗಾಜಿನ ಹಾಗಿರ್ಬೇಕು — ಎಷ್ಟು ಸಲ ಅದೇ ಗಂಟಲಲ್ಲಿ ಮಕ್ಕಳನ್ನು ನಗಿಸಿದ್ದೇನೆ, ನಗಿಸಿ ನಗಿಸಿ ಅದನ್ನೇ ಪಾಠ ಮಾಡಿದ್ದೇನೆ, ಫ್ಯಾನಿನ ನೆರಳು ಹೋಯಿತು ಬಂತು, ರೆಪ್ಪೆ ಭಾರ, ಬಾಗಿಲು ಕಿರ್ ಎನ್ನುತ್ತದೆ, ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದೇನೆ, ಆಚೀಚೆ ನನ್ನ ಮಕ್ಕಳೆಲ್ಲ, ಮುಚ್ಚಳ ಅಗಿಯುವವನು, ಜ್ವರದವಳು, ಎಲ್ಲರ ತೊಡೆಯ ಮೇಲೂ ನೀಲಿ ರಟ್ಟು, ಒಳಗಿಂದ ಯಾರನ್ನೋ ಕರೆಯುತ್ತಾರೆ, ಎಲ್ಲರೂ ಬಾಯಿ ತೆರೆಯುತ್ತಾರೆ, ಎಲ್ಲರ ಬಾಯಲ್ಲೂ ನನ್ನದೇ ಅಂದರೆ ಎಂಬ ಪದ, ಮೂಲೆಯಲ್ಲಿ ಒಬ್ಬಳು ಬಾಚಿಕೊಳ್ಳುತ್ತಿದ್ದಾಳೆ, ಅವಳೊಬ್ಬಳಿಗೇ ಅವಳದೇ ಕೂದಲು —

ಪರ್ ಎಂದು ಕಾಗದ ಹರಿಯಿತು. ಎಚ್ಚರಾದೆ. ಹರಿದದ್ದನ್ನು ಉಂಡೆ ಕಟ್ಟಿ ಅವಳು ಮೇಜಿನ ಅಂಚಿಗಿಟ್ಟಳು, ಅಲ್ಲಿ ಆಗಲೇ ಉಂಡೆಗಳ ಸಂಸಾರ, ಗಡಿಯಾರ ನಾಲ್ಕು ದಾಟಿದೆ, ನನ್ನ ಹತ್ತಿರ ವಾಕ್ಯವಿದೆ, ನಾಲಿಗೆಯ ತುದಿಯಲ್ಲೇ ಇದೆ, ಕಾಯುವಿಕೆ ಎಂಬುದು ಕಾಲದ ವ್ಯಯವಲ್ಲ, ಅದು ಸಂಬಂಧದ ಒಂದು ರೂಪ, ಎಷ್ಟು ದುಂಡಗಿದೆ ನೋಡು, ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಸುತ್ತಾಳೆ, ಪಾಸಾಗುತ್ತಾಳೆ, ಅವಳ ಅಮ್ಮ ಫೋನು ಮಾಡಿ, ಸರ್, ನೀವೇ ನಮ್ಮ ಹುಡುಗೀನ ದಡ ಸೇರಿಸಿದ್ರಿ ಅನ್ನುತ್ತಾರೆ, ಕೊಡದಿದ್ದರೆ, ಕೊಡದೆ ಐದು ಹೊಡೆದರೆ, ಕೊಟ್ಟ ಮಾತೊಂದು ಉಳಿಯಿತು ಅಂತ ಇವಳು ಅದನ್ನು ಫ್ರೇಮು ಹಾಕಿಸಿಕೊಳ್ಳುತ್ತಾಳೆಯೇ, ಹೇಳಿಬಿಡು, ಮೆಲ್ಲಗೆ ಹೇಳು, ಗೊತ್ತಾಗದ ಹಾಗೆ ಹೇಳು — ಲೋಟ ಎತ್ತಿ ನೀರನ್ನು ಬಾಯಿ ತುಂಬ ಇಟ್ಟುಕೊಂಡೆ, ನುಂಗದೆ. ಕೆನ್ನೆ ಉಬ್ಬಿದ ನನ್ನನ್ನು ನೋಡಿ ಅವಳ ತುಟಿ ಒಂದಿಷ್ಟು ಸಡಿಲವಾಯಿತು, ನಗುವಲ್ಲ, ನಗುವಿನ ಕರಡು. ಸರ್, ಎಂದಳು, ಒಂದು ಕೇಳ್ಲಾ, ಅಲ್ಲಿ ನಡೆದಿದ್ದು ಬೇರೆಯವರಿಗಲ್ಲ, ನನಗೇ ಆಗಿದ್ರೆ, ಅದನ್ನ ಬರೀಬಹುದಾ? ಮುಖ್ಯಸ್ಥರ ಗಂಟಲು ಎದ್ದು ಕೂತಿತು, ಹ್ಹ್ಂ ಹ್ಹ್ಂ, ಗಾಜಿನ ಹಾಗಿರ್ಬೇಕು ಕಣ್ರೀ, ನಾನು ತಲೆದೂಗಿದರೆ ಅಪ್ಪಣೆ, ಅಲ್ಲಾಡಿಸಿದರೆ ತಡೆ, ಎರಡೂ ನನ್ನದೇ ಮಾತು, ಸುಮ್ಮನೆ ಹೂಜಿಯಿಂದ ಇನ್ನೊಂದು ಲೋಟಕ್ಕೆ ನೀರು ಬಗ್ಗಿಸಿ ಅವಳ ಕಡೆ ಸರಿಸಿದೆ. ಅವಳು ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು, ಕುಡಿಯಲಿಲ್ಲ, ಹೊಸ ಹಾಳೆ ಎಳೆದುಕೊಂಡಳು, ಗೀರು, ಗೀರು, ಗೀರು, ಗೀರು, ನಿಲ್ಲುತ್ತಿಲ್ಲ, ಈ ಸಲ ನಿಲ್ಲುತ್ತಿಲ್ಲ, ಕಾರಿಡಾರಿನಲ್ಲಿ ಯಾರೋ ಬೀಗದ ಕೈ ಗೊಂಚಲು ಅಲ್ಲಾಡಿಸಿಕೊಂಡು ಹೋದರು, ಮಳೆ ಬಿದ್ದ ಹಾಗೆ ಬರೆಯುತ್ತಿದ್ದಾಳೆ, ನನ್ನ ದುಂಡು ವಾಕ್ಯ ನೀರಿನ ಜೊತೆ ಗಂಟಲಲ್ಲಿ ಇಳಿದು ಎಲ್ಲೋ ಹೋಯಿತು.

ಹಾಳೆಗಳನ್ನು ತಿರುಗಿಸಿ ನನ್ನ ಮುಂದಿಟ್ಟಳು. ಓದಿದೆ, ಓದುತ್ತಿದ್ದೇನೆ, ಅದು ಅವಳು ಆಸ್ಪತ್ರೆಗೆ ಹೋದ ಕೊನೆಯ ದಿನ, ನಾಳೆಯಿಂದ ಬರುವುದಿಲ್ಲ ಅಂತ ಯಾರಿಗೂ ಹೇಳಿಲ್ಲ, ಬಾಚಣಿಗೆಯ ಹೆಂಗಸು ಅದೇ ಕುರ್ಚಿಯಲ್ಲಿ, ಇದ್ದಕ್ಕಿದ್ದಂತೆ ಇವಳ ಕಡೆ ತಿರುಗಿ, ಏ ಹುಡುಗಿ, ಬಾ ಇಲ್ಲಿ, ಏನೇ ಇದು ತಲೆ, ಒಳಗಿರೋರು ನೋಡಿದ್ರೆ ಹೆದರ್ಕೋತಾರೆ. ನನ್ನೋರು ಯಾರೂ ಒಳಗಿಲ್ಲಮ್ಮ, ನಾನು ಓದೋಕೆ ಬಂದಿರೋದು ಎಂದಳಂತೆ ಇವಳು. ಯಾರೂ ಇಲ್ದೆ ಇಷ್ಟು ದಿನ ಯಾರಾದ್ರೂ ಇಲ್ಲಿ ಕೂರ್ತಾರೇನೇ, ಎಂದಳಂತೆ ಆಕೆ, ಎಳೆದು ಕೂರಿಸಿಕೊಂಡು, ರಿಬ್ಬನ್ನು ಬಿಚ್ಚಿ, ಸಿಕ್ಕು ಬಿಡಿಸತೊಡಗಿದಳಂತೆ, ಮುಂದಿನದು ಇವಳದೇ ಮಾತು, ನಾನು ತಡೆಯಲಿಲ್ಲ, ನನಗೆ ಅಳು ಬಂತು, ಯಾರಿಗಾಗಿ ಎಂದು ನನಗೆ ಈಗಲೂ ತಿಳಿದಿಲ್ಲ, ಹಾಗಂತ ಬರೆದಿದ್ದಾಳೆ ಉಪಸಂಹಾರದಲ್ಲಿ. ಹಳೆಯ ಚಾಳಿ, ತಲೆಯೊಳಗೆ ಬೆರಳು ಆಡಿತು, ಸಂಶೋಧಕಿಯ ಕೇಶವನ್ನು ಬಾಚಲಾಯಿತು — ಒಳಗೆ ಯಾರೂ ನಗಲಿಲ್ಲ, ಮುಖ್ಯಸ್ಥರ ಗಂಟಲೂ ಕೆಮ್ಮಲಿಲ್ಲ, ಎಲ್ಲ ದನಿಗಳೂ ಎಲ್ಲೋ ಎದ್ದು ಹೋಗಿವೆ. ಸರ್, ಈಗ ಮಾತಾಡ್ಬಹುದು, ಏನಾದ್ರೂ ತಿದ್ದೋದಿದ್ಯಾ? ತಲೆ ಅಲ್ಲಾಡಿಸಿದೆ, ಇಲ್ಲ, ಮಾತಾಡೋಣವೆಂದರೆ ಯಾರ ದನಿಯಲ್ಲಿ ಆಡಬೇಕೋ ಸಿಗಲಿಲ್ಲ, ಕೆಂಪು ಪೆನ್ನು ಬಿಟ್ಟು ನೀಲಿ ಹುಡುಕಿ ಸಹಿ ಹಾಕಿದೆ, ಮಾರ್ಗದರ್ಶಕ ಅಂತ ಅಚ್ಚಾದ ಗೆರೆಯ ಮೇಲೆ, ಅವಳು ಹಾಳೆ ಸೇರಿಸಿ ಓಡಿದಳು, ಮೆಟ್ಟಿಲು ದಡದಡ, ಕೆಳಗೆ ಯಾರನ್ನೋ ಒಂದ್ನಿಮಿಷ ಒಂದ್ನಿಮಿಷ ಅಂತ ಕೂಗುತ್ತಿದ್ದಾಳೆ, ಒಪ್ಪುತ್ತಾರೋ ಬಿಡುತ್ತಾರೋ, ನಾಳೆ ಕೆಮ್ಮುವವರು ಕೆಮ್ಮಲಿ, ಅವಳ ಉಪಸಂಹಾರದ ಆ ಕೊನೆಯ ಸಾಲು, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ನನಗೆ ಬರುತ್ತಲೂ ಇರಲಿಲ್ಲ, ಆಗ ಆಪರೇಷನ್ ಕೋಣೆಯ ಬಾಗಿಲು ತೆರೆಯಿತು, ಎಲ್ಲರೂ ಎದ್ದರು, ಆಕೆ ಏಳಲಿಲ್ಲ, ಅತ್ತ ತಿರುಗಲೂ ಇಲ್ಲ, ಬಾಚುತ್ತಿದ್ದಳು — ಬಾಗಿಲು ತೆರೆದಿದೆ, ಆಕೆ ನೋಡುತ್ತಿಲ್ಲ, ಹುಡುಗಿಯ ಕೂದಲಿನಲ್ಲಿ ಬಾಚಣಿಗೆ, ಬಾಗಿಲು ತೆರೆದೇ ಇದೆ, ಕೂದಲಿನಲ್ಲಿ ಬಾಚಣಿಗೆ