ಕ್ಲಚ್ಚಿಲ್ಲದ ಭಾನುವಾರ

ಕ್ಲಚ್ಚೆಂದು ಬೊಮ್ಮಯ್ಯ ತುಳಿದದ್ದು ಬ್ರೇಕನ್ನು. ಎರಡೇ ಸೀಟಿನ ಆ ಹೊಸ ಸ್ಪೋರ್ಟ್ಸ್ ಕಾರು ಕಾಳಿ ಹೊಳೆಯ ಸೇತುವೆಯ ತುದಿಯಲ್ಲಿ ಕೀಚೆಂದು ನಿಂತಿತು. ಪಕ್ಕದಲ್ಲಿದ್ದ ಮಾಲಕ ಸೂರಜ್ ಬೆಲ್ಟಿನ ಪುಣ್ಯದಿಂದ ಹಣೆ ಉಳಿಸಿಕೊಂಡ. ಹಿಂದಿನ ಮೀನಿನ ಲಾರಿಯವನು ಹಾರ್ನ್ ಒತ್ತಿ, ಬಾಯಿಗೆ ಬಂದಂತೆ ಬೈದು ಮುಂದೆ ಹೋದ.

"ಬೊಮ್ಮಣ್ಣ, ಇದ್ರಲ್ಲಿ ಕ್ಲಚ್ಚೇ ಇಲ್ಲ ಅಂತ ಮೂರು ಸಲ ಹೇಳ್ದೆ!"

"ನಂಗೆ ಗೊತ್ತುಂಟು ತಮ್ಮಾ. ಕಾಲಿಗೆ ಗೊತ್ತಿಲ್ಲ."

ಮೂವತ್ತು ವರ್ಷ ಕೈಗಾ ಅಣುಸ್ಥಾವರದ ಸ್ಟಾಫ್ ಬಸ್ಸು ಓಡಿಸಿದ ಕಾಲು ಅದು. ಕಾಡಿನ ತಿರುವುಗಳಲ್ಲಿ ಕಲಿತದ್ದನ್ನು ಒಂದು ಬೆಳಿಗ್ಗೆಯಲ್ಲಿ ಮರೆ ಎಂದರೆ ಮರೆತೀತೇ? ಅವನು ನಿವೃತ್ತನಾದ ಮೇಲೆ, ಚಿತ್ತಾಕುಲದ ನೆರೆಮನೆಯ ಸೂರಜ್ ತನ್ನ ಹಳೆಯ ಕೆಂಪು ಕಾರನ್ನು ಅವನಿಗೆ ಒಪ್ಪಿಸಿದ್ದ. ಸೂರಜ್ ವರ್ಷದಲ್ಲಿ ಒಂಬತ್ತು ತಿಂಗಳು ಹಡಗಿನ ಮೇಲೆ. ಕಾರು ನಿಂತಲ್ಲೇ ನಿಂತರೆ ಬ್ಯಾಟರಿ ಸಾಯುತ್ತದೆ. ಪ್ರತಿ ಭಾನುವಾರ ಅಂಕೋಲೆಗೆ ಹೋಗಿ ಒಂದು ಚಹಾ ಕುಡಿದು ಬರಬೇಕು, ಅಷ್ಟೇ ಕೆಲಸ. ಹೆಂಡತಿ ಸುಗಂಧಾ ತೀರಿಕೊಂಡ ಮೇಲೆ ಬೊಮ್ಮಯ್ಯ ವಾರವಿಡೀ ಆ ಎರಡು ತಾಸಿಗೇ ಕಾಯುತ್ತಿದ್ದ. ಬಿಣಗಾದ ಏರಿಗೆ ಮೂರನೆಯ ಗೇರ್, ಇಳಿದ ಮೇಲೆ ನಾಲ್ಕು. ಕೈ, ಕಾಲು, ಕಿವಿ ಎಲ್ಲಕ್ಕೂ ಕೆಲಸ. ದುಃಖಪಡಲು ಪುರುಸೊತ್ತೇ ಇರುತ್ತಿರಲಿಲ್ಲ.

ಈಗ ಸೂರಜ್ ಅದನ್ನು ಮಾರಿ ಆಟೋಮ್ಯಾಟಿಕ್ ತಂದಿದ್ದ.

"ಕೈಯಲ್ಲಿ ಗೇರ್ ಹಾಕೂ ಕಾಲ ಮುಗೀತು ಬೊಮ್ಮಣ್ಣ. ನೀವು ಕಣ್ಣು ಮಿಟುಕಿಸೂದ್ರೊಳಗೆ ಇದು ಎರಡು ಗೇರ್ ಬದಲಾಯಿಸ್ತದೆ."

"ಅಷ್ಟು ಬೇಗ ಮುಟ್ಟಿ ನಂಗೆ ಎಂತ ಆಗ್ಬೇಕು?"

ಸೂರಜ್ ನಕ್ಕ. ಆಮೇಲೆ ಮೆಲ್ಲಗೆ, "ಕಷ್ಟ ಆದ್ರೆ ಬೇಡ. ಬ್ಯಾಟರಿಗೆ ಚಾರ್ಜರ್ ಹಚ್ಚಿಟ್ಟು ಹೋಗ್ತೆ. ಶೆಡ್ಡಲ್ಲೇ ಇರ್ಲಿ," ಎಂದ.

ಬೊಮ್ಮಯ್ಯ ಯಾರ ಹತ್ತಿರವೂ ಏನನ್ನೂ ಬೇಡಿದವನಲ್ಲ. "ಚಾರ್ಜರ್ ಬೇಡ ತಮ್ಮಾ," ಅಂದುಬಿಟ್ಟ. "ಕಾಲು ನಾ ಸಮಾ ಮಾಡ್ಕಂತೆ. ಈ ಭಾನುವಾರ ಒಂದಿಲ್ದಿದ್ರೆ ನಾ ಯಾರ ಹತ್ರ ಹೋಗ್ಲಿ?"

ಸೂರಜ್ ಅವನ ಎಡಗಾಲಿನ ಕಡೆ ಬೆರಳು ತೋರಿಸಿದ. "ಅಡ್ಡಿಲ್ಲ. ಎಡಗಾಲು ಹಿಂದೆ ಮಡಚಿ ಇಟ್ಕಣಿ."

ನಾಲ್ಕು ದಿನ ಊರ ಮೈದಾನದಲ್ಲಿ ಇಬ್ಬರೂ ಸುತ್ತು ಹೊಡೆದರು. ಐದನೆಯ ದಿನ ಸೂರಜ್ ಕೀಲಿ ಕೊಟ್ಟು ಹಡಗಿಗೆ ಹೊರಟ.

ಭಾನುವಾರ ಬೊಮ್ಮಯ್ಯ ಇಸ್ತ್ರಿ ಅಂಗಿ ಹಾಕಿ ಒಬ್ಬನೇ ಹೊರಟ. ಎಡಗಾಲು ಹೇಳಿದ ಮಾತು ಕೇಳಿತು. ಬಿಣಗಾದ ಏರನ್ನು ಕಾರು ತಾನೇ ಲೆಕ್ಕ ಹಾಕಿ ಹತ್ತಿತು. ಒಂದು ಜರ್ಕಿಲ್ಲ, ಒಂದು ಗೊರಗೊರ ಇಲ್ಲ. ತಪ್ಪು ಹುಡುಕೋಣವೆಂದರೆ ಒಂದೂ ಸಿಗಲಿಲ್ಲ. ಸೂರಜ್ ಹೇಳಿದ್ದೇ ಸರಿ, ಗಾಡಿ ಬಂಗಾರದಂಥದು.

ಬಲಕ್ಕೆ ಸಮುದ್ರ ಕಾಣುವ ಹೊತ್ತಿಗೆ ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಆಗ, ಕರೆಯದೆಯೇ, ಆಸ್ಪತ್ರೆಯ ಕೊನೆಯ ಸಂಜೆ ನೆನಪಾಯಿತು. ಪೇರಳೆ ಹಣ್ಣು ತಿನ್ನಬೇಕು ಅನ್ನಿಸ್ತದೆ ಎಂದಿದ್ದಳು ಸುಗಂಧಾ. ನಾಳೆ ತತ್ತೆ ಎಂದಿದ್ದ. ಎರಡು ವರ್ಷ ಈ ದಾರಿಯಲ್ಲಿ ಒಮ್ಮೆಯೂ ಅದು ನೆನಪಾಗಿರಲಿಲ್ಲ.

ಅವನ ಎಡಗೈ ತೊಡೆಯ ಮೇಲಿಂದ ಜಾರಿ ಪಕ್ಕದ ಸೀಟಿನ ಮೇಲೆ ಹೋಗಿ ಕೂತಿತು. ಅವರ್ಸಾ ದಾಟಿ, ಅಂಕೋಲೆ ಬರುವವರೆಗೂ ಅಲ್ಲೇ ಇತ್ತು.