ಮುಕ್ಕುಂದದ ಮಣ್ಣು

ಸಿಂಧನೂರಿನ ಕಸ್ತೂರೆಮ್ಮನ ಮಾಳಿಗೆಯ ಮೇಲೆ ಆರು ಚೀಲಗಳಲ್ಲಿ ಹಾಕಿದ್ದ ಪುಂಡಿಪಲ್ಯದ ಸೊಪ್ಪು ಮೊಳೆತು, ಸೊಟ್ಟಗೆ ಸುರುಟಿಕೊಂಡು ಸತ್ತಿತ್ತು. ಇದು ಎರಡನೆಯ ಸಲ. ಪಟ್ಟಣದ ಹೆಂಗಸರಿಗೆ ಮಾಳಿಗೆಯ ಮೇಲೆ ತರಕಾರಿ ಬೆಳೆಯುವುದನ್ನು ಕಲಿಸುತ್ತಿದ್ದ ಕೃಷಿ ಸಲಹೆಗಾರ ಚನ್ನವೀರ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತ. ಮಣ್ಣು ಅವನೇ ಕೊಟ್ಟದ್ದು. ಹುಡುಕುವ ತಾಪತ್ರಯ ಬೇಡವೆಂದು ತನ್ನೂರು ಮುಕ್ಕುಂದದ ಗದ್ದೆಯಿಂದಲೇ ತುಂಬಿಸಿ ತಂದಿದ್ದ. ಆ ಗದ್ದೆಗೆ, ಭತ್ತವನ್ನು ಉಳಿಸಿ ಅಗಲ ಎಲೆಯದನ್ನೆಲ್ಲ ಸಾಯಿಸುವ ಕಳೆನಾಶಕ ಹೊಡೆಸಿದ್ದು ಈಗ ನೆನಪಾಯಿತು.

“ತಪ್ಪು ನಂದ್ರೀ ಸರ್,” ಎಂದಳು ಕಸ್ತೂರೆಮ್ಮ. “ನನ್ನ ಕೈಗುಣಾನ ಸರಿ ಇಲ್ಲ. ನೀ ಮುಟ್ಟಿದ್ದು ಒಣಗತೈತಿ ಅಂತ ನಮ್ಮತ್ತಿ ಆವಾಗ್ಲೇ ಅಂತಿದ್ಲು.”

“ಹಂಗೇನಿಲ್ರೀ ಅಮ್ಮಾ, ಬಿಸಲು ಭಾಳ ಐತಿ,” ಎಂದ ಚನ್ನವೀರ. ಅದೇ ಮಣ್ಣು ಇನ್ನೂ ಇಪ್ಪತ್ತು ಮನೆಗಳಿಗೆ ಹೋಗಿತ್ತು.

ಅವಳು ಸೆರಗಿನ ಗಂಟು ಬಿಚ್ಚಿ, ಉಳಿದ ಬೀಜಗಳನ್ನು ಅವನ ಅಂಗೈಗೆ ಸುರಿದಳು. “ಈ ಸಲ ನಿಮ್ಮ ಕೈಲೇ ಹಾಕ್ರಿ. ನಿಮ್ಮ ಕೈ ಚಲೋ ಐತಿ.”

ಚನ್ನವೀರ ಅದೇ ಮಣ್ಣಿನಲ್ಲಿ ಬೆರಳಿಂದ ಕುಳಿ ಮಾಡಿ, ಒಂದೊಂದೇ ಬೀಜ ಹಾಕಿ ಮುಚ್ಚಿದ. ಕಸ್ತೂರೆಮ್ಮ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ತನ್ನ ಸೆರಗೂ ಚೀಲಕ್ಕೆ ತಾಕದಷ್ಟು ದೂರ ನಿಂತಿದ್ದಳು.