ಸಾಹೇಬರು ಬರುವ ತನಕ

ನೀರಿನ ಬಾಟಲಿಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದ, ಬೆರಳ ತುದಿಯಲ್ಲಿ, ಇಸ್ಪೀಟಿನ ಎಲೆ ಸರಿಸಿದ ಹಾಗೆ — ಕುಡೀರಮ್ಮ, ಬಿಸ್ಲು ಜಾಸ್ತಿ ಅದೆ — ನಾನು ಆ ಕಡೆ ನೋಡುವುದಿಲ್ಲ, ನೋಡಿದರೇ ಉಚ್ಚೆ ಒತ್ತಿಕೊಂಡು ಬರುತ್ತದೆ, ಹೊಟ್ಟೆಯ ಕೆಳಗೆ ಯಾರೋ ಕಲ್ಲು ಇಟ್ಟ ಹಾಗಿದೆ, ಹತ್ತು ಗಂಟೆಗೆ ಅಂದವರು, ಈಗ ಹನ್ನೆರಡೂಕಾಲು, ಎಮ್ಮೆಲ್ಲೆ ಸಾಹೇಬರು ಸೋಮವಾರಪೇಟೆ ಬಿಟ್ಟಿದ್ದಾರೆ ಅಂತ ಮೈಕಿನಲ್ಲಿ ಹೇಳುವುದು ಇದು ಮೂರನೇ ಸಲ, ಬಿಟ್ಟವರು ಎಲ್ಲಿ ಸಿಕ್ಕಿಹಾಕಿಕೊಂಡರೋ, ಅವರಿಗೇನು, ದಾರಿಯಲ್ಲಿ ಎಲ್ಲಿ ಬೇಕಾದರೂ ಕಾರು ನಿಲ್ಲಿಸಿ ಒಂದು ಸಿಲ್ವರ್ ಮರಕ್ಕೆ ಎದುರಾಗಿ ನಿಂತರೆ ಮುಗಿಯಿತು. ಬಾಟಲಿ ತಳ್ಳಿದವನು ಮಂಜೇಶ, ನಮ್ಮ ಪಂಚಾಯ್ತಿ ಅಧ್ಯಕ್ಷೆ ಉಷಾರಾಣಿಯ ಗಂಡ, ಆದರೂ ಅಧ್ಯಕ್ಷರೇ ಅಂತ ಯಾರಾದರೂ ಕೂಗಿದರೆ ತಿರುಗುವುದು ಇವನೇ, ಅವಳು ತಿರುಗುವುದನ್ನು ಮರೆತೇ ಬಿಟ್ಟಿದ್ದಾಳೆ, ವೇದಿಕೆಯ ತುದಿಯ ಕುರ್ಚಿಯಲ್ಲಿ ಸೆರಗು ಮುದುರಿಕೊಂಡು ಕೂತಿದ್ದಾಳೆ, ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಬೇರೆ ಯಾರದೋ ಮದುವೆಗೆ ಬಂದವಳ ಹಾಗೆ. ಎಂಟು ಕುರ್ಚಿ, ಆರು ಗಂಡಸರು, ನಾವಿಬ್ಬರು, ಬೆನ್ನ ಹಿಂದೆ ಬ್ಯಾನರು — ವಿಶ್ವ ಮಹಿಳಾ ದಿನಾಚರಣೆ ಹಾಗೂ ಮಹಿಳಾ ಶೌಚಾಲಯ ಉದ್ಘಾಟನೆ — ಮಹಿಳಾ ದಿನ ಮುಗಿದು ಒಂಬತ್ತು ದಿನ ಆಯಿತು, ಸಾಹೇಬರಿಗೆ ಅವತ್ತು ಬಿಡುವಿರಲಿಲ್ಲವಂತೆ, ಇವತ್ತಾದರೆ ಸಂತೆ, ಜನ ತಾವಾಗಿಯೇ ಇರುತ್ತಾರೆ, ಕರೆತರುವ ತಾಪತ್ರಯವಿಲ್ಲ. ಬ್ಯಾನರಿನಲ್ಲಿ ಸಾಹೇಬರ ಮುಖ ಕುಂಬಳಕಾಯಿಯಷ್ಟು, ಮಂಜೇಶನದು ತೆಂಗಿನಕಾಯಿಯಷ್ಟು, ನನ್ನದು ಕೆಳಗಡೆ ಮೂಲೆಯಲ್ಲಿ ನಿಂಬೆಹಣ್ಣಿನಷ್ಟು, ಹೋರಾಟಗಾರ್ತಿ ಶ್ರೀಮತಿ ಮಹಾದೇವಮ್ಮ, ಆಧಾರ್ ಕಾರ್ಡಿನ ಫೋಟೋ, ಪೊಲೀಸರು ಹಿಡಿದು ತಂದವಳ ಹಾಗೆ ಕಾಣುತ್ತೇನೆ. ಮೈದಾನದ ಆ ತುದಿಯಲ್ಲಿ ಶೌಚಾಲಯ, ಗುಲಾಬಿ ಬಣ್ಣ, ಹೆಂಗಸರಿಗೆ ಅಂದರೆ ಗುಲಾಬಿಯೇ ಆಗಬೇಕು ಅಂತ ಇವರಿಗೆ ಯಾರು ಹೇಳಿಕೊಟ್ಟರೋ, ಬಾಗಿಲಿಗೆ ಅಡ್ಡ ಕೆಂಪು ಟೇಪು, ಮೇಲೆ ಬಲೂನು. ಕಕ್ಕಸಿಗೆ ಬಲೂನು.

ತಪ್ಪು ನನ್ನದೇ, ಬೆಳಿಗ್ಗೆ ನೀರು ಕುಡಿದೆ. ನಲವತ್ತು ವರ್ಷ ಈ ಸಂತೆಗೆ ಹಸಿಮೆಣಸಿನಕಾಯಿ ತಂದಿದ್ದೇನೆ, ಒಂದು ಸಂತೆಯ ದಿನವೂ ಊರು ಸೇರುವ ತನಕ ನೀರು ಮುಟ್ಟಿದವಳಲ್ಲ, ಹಿಂದಿನ ಸಂಜೆಯಿಂದಲೇ ಬಾಯಿ ಕಟ್ಟುತ್ತಿದ್ದೆ, ಮಧ್ಯಾಹ್ನಕ್ಕೆ ನಾಲಿಗೆ ಮರದ ತೊಗಟೆಯ ಹಾಗೆ ಆಗಿರುತ್ತಿತ್ತು, ಗಿರಾಕಿ ಖಾರ ಹೆಂಗೆ ಅಂದರೆ ಮಾತು ಹೊರಡುತ್ತಿರಲಿಲ್ಲ. ಇವತ್ತು ಮಾತ್ರ ಎದ್ದ ಕೂಡಲೇ ಒಂದು ಚೊಂಬು ನೀರು ಗಟಗಟ ಕುಡಿದೆ, ಕಾಫಿ ಕುಡಿದೆ, ಬಸ್ಸಿಳಿದು ಮಜ್ಜಿಗೆ ಕುಡಿದೆ, ಮಗಳು ಕುಸುಮಾ ಬೈದಳು, ಏನವ್ವ ಇದು, ದನ ಕುಡ್ದಂಗೆ ಕುಡೀತಿಯಲ್ಲ — ಕುಡೀತೀನಿ ಕಣೆ, ಇವತ್ತು ಹೋಗಕ್ಕೆ ಜಾಗ ಅದೆ — ಎಂಥ ಜಂಬ ನನಗೆ, ಅರವತ್ತಾರು ವರ್ಷದ ಮುದುಕಿಗೆ, ಹೊಸ ಬಳೆ ತೊಟ್ಟವಳ ಹಾಗೆ ಹೇಳಿದೆನಲ್ಲ ಅದನ್ನು. ಈಗ ಕುಸುಮಾ ಕೆಳಗೆ ಮೆಣಸಿನಕಾಯಿ ಗೋಣಿಯ ಹಿಂದೆ ಕೂತು ನನ್ನನ್ನೇ ನೋಡುತ್ತಿದ್ದಾಳೆ, ನಾನು ಕಾಲ ಮೇಲೆ ಕಾಲು ಹಾಕುವುದು ಬದಲಿಸುವುದು ಅವಳಿಗೆ ಕಾಣುತ್ತಿದೆ. ಮೊದಲೆಲ್ಲ ಸಂತೆಯ ಹಿಂದಿನ ಕಾಫಿ ತೋಟವೇ ಗತಿ, ಬೇಲಿಯ ಸಂದಿಯಲ್ಲಿ ನುಗ್ಗುವುದು, ಒಬ್ಬಳು ಕೂರುವುದು ಒಬ್ಬಳು ಕೊಡೆ ಬಿಚ್ಚಿ ಹಿಡಿಯುವುದು, ನನಗೆ ಬೆಳ್ಳಮ್ಮ, ಬೆಳ್ಳಮ್ಮನಿಗೆ ನಾನು, ವೀಳ್ಯದೆಲೆ ಮಾರುತ್ತಿದ್ದಳು, ನನ್ನ ಪಕ್ಕದ ಗೋಣಿ ಅವಳದು. ತೋಟದ ಆಳುಲೆಕ್ಕ ಬರೆಯುವ ರೈಟರ್ ದೂರದಿಂದಲೇ ಕಿರುಚುತ್ತಿದ್ದ, ಯಾವಳೇ ಅದು, ತೋಟ ಗಲೀಜು ಮಾಡ್ತೀರ, ನಾಯಿ ಬಿಡ್ತೀನಿ ನೋಡಿ — ಅರ್ಧದಲ್ಲೇ ಎದ್ದು ಓಡಿದ್ದೇವೆ, ಸೀರೆ ಒದ್ದೆ ಮಾಡಿಕೊಂಡು, ಓಡಿ ಬಂದು ಬಿದ್ದು ಬಿದ್ದು ನಕ್ಕಿದ್ದೇವೆ, ನಗುವಂಥದ್ದು ಏನಿತ್ತು. ಗಂಡಸರಿಗೆ ಗೋಡೆಯೇ ಇತ್ತು, ಮಾರ್ಕೆಟ್ಟಿನ ಉದ್ದದ ಗೋಡೆ, ನಾತ ತಡೆಯಲಾರದೆ ಅದಕ್ಕೆ ದೇವರ ಟೈಲ್ಸ್ ಅಂಟಿಸಿದರು, ಶಿವ, ಏಸು, ಮೆಕ್ಕಾ, ಎಲ್ಲ ಸಾಲಾಗಿ, ಗಂಡಸರು ಭಕ್ತಿಯಿಂದ ಎರಡು ಅಡಿ ಆಚೆ ಹೋಗಿ ನಿಂತರು.

ಬೆಳ್ಳಮ್ಮ ಮೆಂಬರಾದದ್ದು ತೊಂಬತ್ತನಾಲ್ಕರಲ್ಲಿ, ಹೆಂಗಸರಿಗೆ ಇಷ್ಟು ಸೀಟು ಅಂತ ಕಾನೂನು ಬಂತು, ಯಾರೂ ಹೆಂಡತಿಯನ್ನು ಕಳಿಸಲು ತಯಾರಿಲ್ಲ, ಬೆಳ್ಳಮ್ಮನ ಗಂಡ ಸತ್ತಿದ್ದ, ಬೇಡ ಅನ್ನುವವರಿಲ್ಲ, ನಿಂತಳು, ಗೆದ್ದಳು, ಮೊದಲನೇ ಮೀಟಿಂಗಿನಲ್ಲೇ ಎದ್ದು ಸಂತೇಲಿ ಹೆಂಗಸ್ರಿಗೆ ಒಂದು ಕಕ್ಕಸು ಕಟ್ಸಿ ಅಂದಳು. ಆಗಿನ ಅಧ್ಯಕ್ಷ ಕಲ್ಲೇಶಪ್ಪ, ಬಾಯಿ ತುಂಬ ಎಲೆ ಅಡಿಕೆ, ಆ ಎಲೆಯೂ ಅವಳ ಹತ್ತಿರವೇ ಕೊಂಡದ್ದು, ಉಗುಳು ನುಂಗಿಕೊಂಡು ಕೇಳಿದನಂತೆ, ಇಷ್ಟು ದಿನ ಎಲ್ಲಿಗೋಗ್ತಿದ್ರಿ ಬೆಳ್ಳಮ್ಮ, ಅಲ್ಲಿಗೇ ಹೋಗ್ರಿ — ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ, ನಡವಳಿ ಪುಸ್ತಕದಲ್ಲಿ ಇತರೆ ವಿಷಯ ಚರ್ಚಿಸಲಾಯಿತು ಅಂತ ಬರೆದರಂತೆ. ನಾವು ಇತರೆ ವಿಷಯ. ಮುಂದಿನ ಸಂತೆಗೆ ಹದಿಮೂರು ಹೆಂಗಸರು ಪಂಚಾಯ್ತಿ ಮೆಟ್ಟಿಲ ಮೇಲೆ ಕೂತೆವು, ಬೆಳ್ಳಮ್ಮ ಮೊದಲು, ಅವಳ ಪಕ್ಕ ನಾನು, ಮೊಳಕೈಗೆ ಮೊಳಕೈ ತಾಗುತ್ತಿತ್ತು, ಅವಳ ಕೈ ಬೆಚ್ಚಗಿತ್ತು, ಗಂಡಸರು ಬೀಡಿ ಸೇದುತ್ತಾ ನೋಡಿದರು, ಕೋತಿ ಆಟ ನೋಡಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಗಂಗಣ್ಣ ಬಂದ, ಬೈಯಲಿಲ್ಲ, ಹತ್ತಿರ ಬರಲೂ ಇಲ್ಲ, ಹಲಸಿನ ಮರದ ಕೆಳಗೆ ನಿಂತು ಒಂದು ಸಲ ಕೆಮ್ಮಿದ. ಅಷ್ಟೇ. ನಾನು ಎದ್ದೆ. ಸೀರೆಯ ಧೂಳು ಕೊಡವಿಕೊಂಡು ಅವನ ಹಿಂದೆ ನಡೆದೆ, ಅವನು ತಿರುಗಿ ಕೂಡ ನೋಡಲಿಲ್ಲ, ಬರುತ್ತಾಳೆ ಅಂತ ಗೊತ್ತಿತ್ತು, ಒಂದು ಕೆಮ್ಮಿಗೆ ಎದ್ದ ಹೆಂಗಸು, ಥೂ. ನಾನೆದ್ದ ಮೇಲೆ ಇನ್ನಿಬ್ಬರು ಎದ್ದರಂತೆ, ಆಮೇಲೆ ಒಬ್ಬೊಬ್ಬರೇ, ಸಂಜೆಗೆ ಬೆಳ್ಳಮ್ಮ ಒಬ್ಬಳೇ ಉಳಿದಳಂತೆ, ಜವಾನ ಬಂದು ಆಫೀಸ್ ಮುಚ್ಬೇಕು ಏಳಮ್ಮ ಅಂದನಂತೆ. ಮುಂದಿನ ವಾರ ಅವಳು ಯಾಕೆ ಎದ್ದೆ ಅಂತ ಕೇಳಲಿಲ್ಲ, ಬಾರೆ ಹೋಗಿ ಬರಾಣ ಅಂದಳು, ಬೇಲಿ ದಾಟಿ ಕೊಡೆ ಬಿಚ್ಚಿ ಹಿಡಿದಳು ನನಗೆ, ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು, ಉಗಿದಿದ್ದರೆ ಇನ್ನೂ ಚೆನ್ನಾಗಿತ್ತು. ಅದೇ ವರ್ಷ ಕುಸುಮಾ ದೊಡ್ಡವಳಾದಳು, ಇಸ್ಕೂಲಿನಲ್ಲೂ ಜಾಗವಿಲ್ಲ, ಒಂದು ದಿನ ಲಂಗಕ್ಕೆ ಕಲೆ ಮಾಡಿಕೊಂಡು ಎರಡು ಮೈಲಿ ನಡೆದು ಬಂದಳು, ಪುಸ್ತಕದ ಚೀಲವನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು, ನಾಳೆಯಿಂದ ಹೋಗ್ಬ್ಯಾಡ ಬಿಡು ಅಂದವರು ಯಾರು, ಗಂಗಣ್ಣ ಅಲ್ಲ, ಅವನಾದರೂ ಪರೀಕ್ಷೆ ಒಂದು ಬರೀಲಿ ಅಂದ, ನಾನೇ, ನಾನೇ ನಿಲ್ಲಿಸಿದೆ, ಎಂಟನೇ ಕ್ಲಾಸಿಗೆ. ಬೆಳ್ಳಮ್ಮ ಐದು ವರ್ಷ ಅರ್ಜಿ ಕೊಟ್ಟಳು, ಸೀಟು ಹೋದ ಮೇಲೂ ಕೊಟ್ಟಳು, ಕಿಡ್ನಿ ಕೆಟ್ಟು ಸತ್ತಳು, ಹಾಸನದ ಡಾಕ್ಟರು ಗದರಿದರಂತೆ, ನೀರು ಕುಡಿಯಕ್ಕೆ ಏನಮ್ಮ ಕಷ್ಟ ನಿಮಗೆ. ಹೋರಾಟಗಾರ್ತಿ ಮಹಾದೇವಮ್ಮ. ಮನೆಗೆ ಕರೆಯಲು ಬಂದಾಗಲೇ ಮಂಜೇಶನಿಗೆ ಹೇಳಿದೆ, ನಾನಲ್ಲಪ್ಪ, ಬೆಳ್ಳಮ್ಮ — ಅವ್ರು ತೀರ್ಕಂಡ್ರಲ್ಲ ಬಿಡಿ, ಬದುಕಿರೋರ್ಗೇ ತಾನೆ ಶಾಲು ಹೊದಿಸೋದು.

ಮೈಕು ಹಿಡಿದ ಮೇಷ್ಟ್ರು ಹೆಣ್ಣು ಭೂಮಿ ಅನ್ನುತ್ತಿದ್ದಾರೆ, ಹೆಣ್ಣು ನದಿ, ಹೆಣ್ಣು ದೇವತೆ — ದೇವತೆಗೆ ಉಚ್ಚೆ ಬರುವುದಿಲ್ಲ, ಅದಕ್ಕೇ ಗುಡಿ ಕಟ್ಟಲು ಮೂವತ್ತೊಂದು ವರ್ಷ ಬೇಕಾಗುವುದಿಲ್ಲ. ಇನ್ನು ಆಗುವುದಿಲ್ಲ ನನಗೆ, ತೊಡೆ ನಡುಗುತ್ತಿದೆ, ಮಂಜೇಶನ ಕಡೆ ಬಗ್ಗಿ ಮೆಲ್ಲಗೆ ಹೇಳುತ್ತೇನೆ, ಆ ಬಾಗ್ಲು ತೆಗ್ಸಪ್ಪ, ಹೋಗ್ಬಂದ್ಬಿಡ್ತೀನಿ — ಅಯ್ಯೋ, ಉದ್ಘಾಟನೆಗೆ ಮುಂಚೆ ಹೆಂಗಮ್ಮ, ಸಾಹೇಬ್ರು ಟೇಪ್ ಕಟ್ ಮಾಡ್ಬೇಕು, ಸ್ವಲ್ಪ ತಡ್ಕಳಿ, ಇಷ್ಟು ವರ್ಷ ತಡ್ಕಂಡಿದ್ದೀರ — ನಕ್ಕ, ಥೇಟ್ ಕಲ್ಲೇಶಪ್ಪನ ನಗು, ಎಲೆ ಅಡಿಕೆ ಇಲ್ಲ ಅಷ್ಟೇ, ಹಲ್ಲು ಬೆಳ್ಳಗಿವೆ. ಆ ಕಡೆಯಿಂದ ಉಷಾರಾಣಿ ತುಟಿ ಅಲ್ಲಾಡಿಸದೆ ಅಂದಳು, ನಂಗೂ ಅಮ್ಮ, ಆರು ಗಂಟೆಗೆ ಮನೆ ಬಿಟ್ಟಿದ್ದು. ಅಧ್ಯಕ್ಷೆ. ಶೌಚಾಲಯದ ಕಾಗದಕ್ಕೆಲ್ಲ ಸಹಿ ಇವಳದೇ. ಅಷ್ಟರಲ್ಲಿ ಶಾಲು ಬಂತು, ಮೈಗೆ ಚುಚ್ಚುವ ನೈಲಾನು, ಹಣ್ಣಿನ ತಟ್ಟೆ, ಆರು ಗಂಡಸರೂ ತಟ್ಟೆಗೆ ಒಂದೊಂದು ಬೆರಳು ತಾಗಿಸಿಕೊಂಡು ಫೋಟೋಕ್ಕೆ ನಿಂತರು, ಅಮ್ಮ ನಗಿ, ನಗುತ್ತೇನೆ, ನಕ್ಕರೆ ಹೊಟ್ಟೆ ಅದುರುತ್ತದೆ. ಸಾಹೇಬ್ರು ಬರೋ ತನಕ ನಮ್ಮ ಮಹಾದೇವಮ್ಮೋರು ತಮ್ಮ ಹೋರಾಟದ ಬಗ್ಗೆ ಎರಡು ಮಾತಾಡ್ತಾರೆ ಅಂತ ಮೇಷ್ಟ್ರು ಮೈಕನ್ನು ನನ್ನ ಬಾಯಿಗೆ ಇಟ್ಟರು, ಐಸ್‌ಕ್ಯಾಂಡಿ ಇಟ್ಟ ಹಾಗೆ, ಇಡೀ ಸಂತೆ ತಲೆ ಎತ್ತಿತು, ನನ್ನ ಧ್ವನಿ ಎಲ್ಲಿಂದಲೋ ದೊಡ್ಡದಾಗಿ ಬಂತು, ಅವತ್ತು ಕೂತಿದ್ದೋಳು ಬೆಳ್ಳಮ್ಮ, ಎಲೆ ಮಾರ್ತಿದ್ದ ಬೆಳ್ಳಮ್ಮ, ನಾನು ಗಂಡ ಕೆಮ್ಮಿದ್ದಕ್ಕೆ ಎದ್ದು ಓಡೋದೋಳು, ಈ ಶಾಲು ನಂದಲ್ಲ. ಇನ್ನೊಂದು ಮಾತು. ನಂಗೆ ಈಗ ಒಂದಕ್ಕೆ ಬಂದದೆ, ನಿಮ್ ಸಾಹೇಬ್ರು ಬರೋ ತನಕ ತಡ್ಕಳಕ್ಕಾಗಲ್ಲ. ಗಂಡಸರು ಹೋ ಅಂತ ನಕ್ಕರು, ಹೆಂಗಸರು ನಗಲಿಲ್ಲ, ಆಮೇಲೆ ಸೊಪ್ಪಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದಳು. ಶಾಲನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲು ಇಳಿಯುತ್ತೇನೆ, ಬನ್ನಿ ಅಂತ ಉಷಾರಾಣಿಗೆ ಕೈ ಸನ್ನೆ ಮಾಡಿದೆ, ಅವಳು ಎದ್ದಳು, ಅರ್ಧ ಎದ್ದಳು, ಮಂಜೇಶ ಮೊಬೈಲಿನಿಂದ ತಲೆ ಎತ್ತದೆ ಅಂಗೈಯನ್ನು ಸ್ವಲ್ಪ ಕೆಳಕ್ಕೆ ಆಡಿಸಿದ, ನಾಯಿಗೆ ಕೂರು ಅಂದ ಹಾಗೆ, ಅವಳು ಕೂತಳು. ನನಗೆ ಸಿಟ್ಟು ಬರಬೇಕಿತ್ತು, ಅವಳ ಮೇಲೆ ಬರಲಿಲ್ಲ.

ಮೆಣಸಿನಕಾಯಿ, ಬೀನ್ಸು, ಒಣಮೀನು ದಾಟಿಕೊಂಡು ಹೋಗುತ್ತಿದ್ದೇನೆ, ಹೆಜ್ಜೆ ಸಣ್ಣ ಸಣ್ಣದು, ದೊಡ್ಡ ಹೆಜ್ಜೆ ಇಟ್ಟರೆ ಮುಗಿಯಿತು, ಕುಸುಮಾ ಗೋಣಿ ಬಿಟ್ಟು ಓಡಿ ಬಂದು ತೋಳು ಹಿಡಿದಳು, ಅವ್ವ ನಿಧಾನ, ಟೇಪಿನ ಹತ್ತಿರ ತಟ್ಟೆಯಲ್ಲಿ ಕತ್ತರಿ ಹಿಡಿದು ನಿಂತಿದ್ದ ಅಂಗನವಾಡಿ ಟೀಚರು ಅಮ್ಮ ಬೇಡಿ ನನ್ ಕೆಲ್ಸ ಹೋಯ್ತದೆ ಅಂದಳು, ಕತ್ತರಿ ಬೇಡ ಕಣವ್ವ ಅಂದು ಟೇಪನ್ನು ಕೈಯಲ್ಲೇ ಎಳೆದೆ, ಬಲೂನೊಂದು ಢಬ್ ಅಂತು. ಬಾಗಿಲಿನ ಹೊರಗಡೆ ಹೆಬ್ಬೆರಳು ಗಾತ್ರದ ಕಬ್ಬಿಣದ ಚಿಲಕ, ಬೀಗಕ್ಕೆ ಕೊಂಡಿ, ಸರಿಸಿದೆ, ಒಳಗೆ ಹೋದೆ, ಎಷ್ಟು ಚೆಂದ ಇದೆ, ಬಿಳಿ ಟೈಲ್ಸು, ಎತ್ತರದಲ್ಲಿ ಕಿಟಕಿ, ನಲ್ಲಿ ತಿರುಗಿಸಿದರೆ ನೀರು ಕೂಡ ಬಂತು, ತಣ್ಣಗೆ, ಬೆಳ್ಳಮ್ಮ ನೋಡಬೇಕಿತ್ತು, ಆಮೇಲೆ ಬಾಗಿಲು ಹಾಕಲು ತಿರುಗಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ, ಕೈಯಾಡಿಸಿದೆ. ಕುಸುಮಾ, ಇದ್ರ ಚಿಲಕ ಎಲ್ಲೇ — ಹೊರಗೆ ಮಂಜೇಶ ಏದುಸಿರು ಬಿಡುತ್ತಾ ಬಂದಿದ್ದಾನೆ, ಹೊರ್ಗಡೆ ಹಾಕ್ಸಿದೀವಲ್ಲಮ್ಮ, ಒಳಗ್ಯಾಕೆ, ಕುಡುಕ್ರು ಸೇರ್ಕಂಡ್ರೆ, ನಲ್ಲಿ ಗಿಲ್ಲಿ ಕಿತ್ಕಂಡೋದ್ರೆ — ಹಾರ್ನು, ಕಾರಿನ ಬಾಗಿಲು, ಸಾಹೇಬ್ರು ಬಂದ್ರು ಸಾಹೇಬ್ರು ಬಂದ್ರು, ಬೇಗ ಬನ್ನಿ ಅಮ್ಮ, ಟೇಪ್ ವಾಪಸ್ ಕಟ್ಬೇಕು — ಕುಸುಮಾ ಕಿರುಚುತ್ತಿದ್ದಾಳೆ, ನಮ್ಮವ್ವ ಒಳಗವ್ಳೆ, ಯಾವನಾದ್ರೂ ಬಾಗ್ಲು ಮುಟ್ಟಿದ್ರೆ ನೋಡಿ — ನಾನು ಕೂತಿದ್ದೇನೆ, ಒಂದು ಕೈ ಮಂಡಿಯ ಮೇಲೆ, ಒಂದು ಕೈ ಬಾಗಿಲ ಮೇಲೆ, ಬರುತ್ತಿಲ್ಲ, ಇಷ್ಟು ಹೊತ್ತು ತಡೆದದ್ದು ಈಗ ಬರುತ್ತಿಲ್ಲ, ನೂಕುನುಗ್ಗಲಿಗೆ ಬಾಗಿಲು ಒಂದು ಬೆರಳು ಸರಿಯುತ್ತದೆ, ಒತ್ತುತ್ತೇನೆ, ಮತ್ತೆ ಸರಿಯುತ್ತದೆ, ಒತ್ತುತ್ತೇನೆ, ಅಂಗೈ ಕೆಳಗೆ ನುಣ್ಣನೆ ಗುಲಾಬಿ ಬಣ್ಣ, ಮುರಿದು ಹೋದದ್ದಲ್ಲ, ಕಿತ್ತದ್ದಲ್ಲ, ಒಂದು ಮೊಳೆಯ ತೂತು ಕೂಡ ಇಲ್ಲ, ಹಾಕಬೇಕು ಅಂತ ಯಾರಿಗೂ ಹೊಳೆದೇ ಇಲ್ಲ, ನುಣ್ಣನೆ ಬಾಗಿಲು, ಒಳಗೆ ಚಿಲಕ ಇಲ್ಲ, ಒತ್ತುತ್ತೇನೆ, ಒಳಗೆ ಚಿಲಕ ಇಲ್ಲ, ಒಳಗೆ ಚಿಲಕ —